ಹಳೇ ಪಿಕಪ್‌ಗೆ ಬಣ್ಣ: ಮುಕ್ಕಾಲು ಕೆಲಸ ತಗಡಿನದ್ದೇ

ಹಳೇ ಪಿಕಪ್ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್, ಒಂದು ಸ್ಕ್ರೂಡ್ರೈವರ್ ಇರಲಿ. ಮ್ಯಾಗ್ನೆಟ್ ಹಿಡಿಯದ ಕಡೆ ಬಣ್ಣದ ಕೆಳಗೆ ದಪ್ಪ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಇರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ತಗಡು ಕತ್ತರಿಸಿ ಎಸೆಯುವಂಥದ್ದೇ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆ, ಪೆಡಲ್ ಕೆಳಗಿನ ಫ್ಲೋರ್, ಮುಂದಿನ ಗಾಜಿನ ಬೀಡಿಂಗ್ ಕೂರುವ ಅಂಚು, ಬಾಗಿಲಿನ ತಳ ಇವನ್ನು ಬಿಡದೆ ನೋಡಿ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಚಿತ್ರದುರ್ಗದ ಧೂಳು ಅವನ್ನು ಮುಚ್ಚಿ ಒಳಗೆ ಹಸಿ ಮಣ್ಣಾಗಿ ಕೂತುಬಿಡುತ್ತದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಪದರ ಮುಗಿದಿರುತ್ತದೆ.

ಹಳೇ ಬಣ್ಣ ತೆಗೆಯಲು ಇಡೀ ಗಾಡಿಯನ್ನು ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಗಾಳಿಯ ಒತ್ತಡದಲ್ಲಿ ಮರಳು ಹೊಡೆಸುವುದಕ್ಕೆ) ಕೊಡಬೇಡಿ. ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ ಸರಿ, ಆದರೆ ಬಾನೆಟ್, ಬಾಗಿಲು, ಟಾಪ್‌ನಂಥ ಅಗಲ ತಗಡು ಆ ಹೊಡೆತಕ್ಕೆ ಹಿಗ್ಗಿ ಅಲೆ ಏಳುತ್ತದೆ. ಅಂಥವಕ್ಕೆ ಪೇಂಟ್ ರಿಮೂವರ್, ಆಮೇಲೆ 80 ನಂಬರ್ ಸ್ಯಾಂಡ್ ಪೇಪರ್ ಸಾಕು. ಚಾಸಿ ನಂಬರ್ ಪಂಚ್ ಮಾಡಿರುವ ಜಾಗ ಮುಚ್ಚಿಯೇ ಬ್ಲಾಸ್ಟ್ ಮಾಡಿಸಿ. ಬರೀ ತಗಡನ್ನು ರಾತ್ರಿಯಿಡೀ ಹಾಗೇ ಬಿಡಬಾರದು, ಬೆವರು ಕೈ ಮುಟ್ಟಿದ ಕಡೆಯೆಲ್ಲ ತುಕ್ಕು ಹಿಡಿಯುತ್ತದೆ.

ಟಿಂಕರಿಂಗ್ ಅಣ್ಣನ ಜೊತೆ ಜಟಾಪಟಿ ಶುರುವಾಗುವುದು ಪ್ಯಾಚ್ ಕೆಲಸದಲ್ಲಿ. ‘ಮೇಲೊಂದು ತಗಡು ಕೂರಿಸಿ ಗ್ಯಾಸ್ ವೆಲ್ಡಿಂಗ್ ಎಳೀತೀನಿ, ಪುಟ್ಟಿ ಹಾಕಿದ್ರೆ ಗೊತ್ತೇ ಆಗಲ್ಲ ಬಿಡಿ ಸಾರ್’ ಅಂತಾರೆ. ಒಪ್ಪಬೇಡಿ. ಎರಡು ತಗಡಿನ ನಡುವೆ ನೀರು ಸೇರಿ ಮತ್ತೆ ತುಕ್ಕು ಏಳುತ್ತದೆ. ಗ್ಯಾಸಿನ ಬಿಸಿ ಅಗಲವಾಗಿ ಹರಡುವುದರಿಂದ ತಗಡು ಹಿಗ್ಗಿ, ಒತ್ತಿದರೆ ಡಬ್ ಡಬ್ ಅನ್ನತೊಡಗುತ್ತದೆ. ತುಕ್ಕಿನ ಅಂಚಿನಿಂದ ಒಂದು ಇಂಚು ಆಚೆಗೆ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. ಅದೇ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್, ಸಾಮಾನ್ಯವಾಗಿ 1 ಅಥವಾ 1.2 ಎಂಎಂ, ಅಂಚಿಗೆ ಅಂಚು ಕೂಡುವಂತೆ ಇಟ್ಟು 0.8 ಎಂಎಂ ವೈರಿನ ಮಿಗ್ ವೆಲ್ಡಿಂಗ್‌ನಲ್ಲಿ (ಕರೆಂಟಿನಲ್ಲಿ ವೈರ್ ಕರಗಿಸಿ ಮಾಡುವ ವೆಲ್ಡಿಂಗ್) ಇಂಚಿಗೊಂದು ಟ್ಯಾಕ್, ಅಂದರೆ ಚುಕ್ಕೆ ವೆಲ್ಡ್ ಹೊಡೆಸಿ. ಒಂದು ಟ್ಯಾಕ್ ಈ ತುದಿಗಾದರೆ ಮುಂದಿನದು ಆ ತುದಿಗೆ. ಮುಟ್ಟಿದರೆ ಕೈ ಸುಡದಷ್ಟು ತಣಿದ ಮೇಲೇ ನಡುವಿನ ಜಾಗ ತುಂಬಬೇಕು. ಈ ಕೆಲಸಕ್ಕೆ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಸುತ್ತಿಗೆ-ಡಾಲಿಯಲ್ಲಿ (ಡಾಲಿ ಅಂದರೆ ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಎಷ್ಟು ಕೂರುತ್ತದೋ ಅಷ್ಟು ಕೂರಿಸಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್ ಹೊಡೆಸಿ, ಜಾಯಿಂಟುಗಳಿಗೆ ಸೀಲರ್ ತುಂಬಿಸಿ. ಪ್ರೈಮರ್ ಒಣಗಿದ ಮೇಲೆ 180ರಲ್ಲಿ ಉಜ್ಜಿ ಪುಟ್ಟಿ. 100 ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ 2 ಗ್ರಾಂ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಅದರ ಕಲೆ ತಿಳಿ ಬಣ್ಣದ ಮೇಲೆ ಹಳದಿಯಾಗಿ ಮೂಡುತ್ತದೆ. ಬೇಸಿಗೆಯಲ್ಲಿ ಕಲಸಿದ ಪುಟ್ಟಿ ಐದು ನಿಮಿಷ ತಾಳಿದರೆ ಹೆಚ್ಚು, ಹಾಗಾಗಿ ಅಂಗೈಯಷ್ಟೇ ಕಲಸಿಕೊಳ್ಳಿ. ದಪ್ಪ 3 ಎಂಎಂ ಮೀರಿದರೆ ಮುಂದೆ ಬಿರುಕು ಖಂಡಿತ. ಪುಟ್ಟಿಯನ್ನು ನೀರು ಹಾಕಿ ಉಜ್ಜುವ ಅಭ್ಯಾಸ ಇನ್ನೂ ಹೋಗಿಲ್ಲ. ಪುಟ್ಟಿ ನೀರು ಕುಡಿದುಕೊಂಡು, ತಿಂಗಳುಗಳಾದ ಮೇಲೆ ಬಣ್ಣದಡಿ ಗುಳ್ಳೆ ಎಬ್ಬಿಸುತ್ತದೆ. ಉದ್ದ ಬ್ಲಾಕಿಗೆ ಪೇಪರ್ ಸುತ್ತಿ ಒಣದಾಗೇ 80, 120, 180 ಅಂತ ಉಜ್ಜಿ. ನೀರೇನಿದ್ದರೂ ಪುಟ್ಟಿಯ ಮೇಲೆ ಹೊಡೆಯುವ ಪಿಯು (ಪಾಲಿಯುರೆಥೇನ್) ಸರ್ಫೇಸರ್ ಒಣಗಿದ ಮೇಲೆ, 400 ಮತ್ತು 600 ಪೇಪರ್ ಜೊತೆಗೆ.

ಬಣ್ಣಕ್ಕೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳು ಒಳ್ಳೆಯವು. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಬಿಡದೆ ತಿರುಗುವ ಆಷಾಢದಲ್ಲಿ ತೆರೆದ ಶೆಡ್ಡಿನಲ್ಲಿ ಸ್ಪ್ರೇ ಗನ್ ಹಿಡಿಯುವುದು ದುಡ್ಡು ದಂಡ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಶೆಡ್ ಇದ್ದರೆ ಮಸಿಯದ್ದೂ ಕಾಟ. ಸುತ್ತ ಟಾರ್ಪಾಲ್ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಕಂಪ್ರೆಸರ್ ಟ್ಯಾಂಕಿನ ನೀರು ಬಸಿದು ಶುರುಮಾಡಿ. ಸರ್ಫೇಸರ್‌ಗೆ 1.8, ಬಣ್ಣಕ್ಕೆ 1.3 ಅಥವಾ 1.4 ಎಂಎಂ ನಾಜಲ್. ಗನ್ ಗೇಣಿಗಿಂತ ತುಸು ಹತ್ತಿರ, ಪ್ರತಿ ಎಳೆತ ಹಿಂದಿನದರ ಅರ್ಧ ಮುಚ್ಚುವಂತಿರಬೇಕು. ಕೋಟಿನ ನಡುವೆ 10ರಿಂದ 15 ನಿಮಿಷ ಬಿಡಿ. ಬಿಸಿಲುಗಾಲದಲ್ಲಿ ಫಾಸ್ಟ್ ಥಿನ್ನರ್ ಹಾಕಿದರೆ ಬಣ್ಣ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮೀನಿನ ಕಣ್ಣಿನಂಥ ಗುಂಡಿ ಬಿದ್ದರೆ ಎಣ್ಣೆಯೋ ಟೈರ್ ಪಾಲಿಶ್‌ನ ಸಿಲಿಕೋನೋ ಅಂಟಿದೆ ಅಂತ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣಕ್ಕೆ ಹಳೇ ಕಾಲದ ಮಂದ ಹೊಳಪಿದೆ, ಟಚಪ್ಪೂ ಸುಲಭ. ಆದರೆ ಟ್ಯಾಂಕಿನ ಮುಚ್ಚಳದ ಬಳಿ ಪೆಟ್ರೋಲ್ ಚೆಲ್ಲಿದರೆ ಕಿತ್ತುಬರುತ್ತದೆ. ಓಡಿಸುವ ಗಾಡಿಗೆ ಪಿಯು ವಾಸಿ. ಪಿಯು ಹಾರ್ಡ್‌ನರ್‌ನ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಮೂಗಿಗೆ ಕಟ್ಟುವ ಟವೆಲ್ ಅದನ್ನು ತಡೆಯಲ್ಲ, ಕೆಮಿಕಲ್ ಕಾರ್ಟ್ರಿಡ್ಜ್ ಮಾಸ್ಕ್ ಕನಿಷ್ಠ. ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಸಿಕ್ಕರೆ ಇನ್ನೂ ಒಳ್ಳೆಯದು.

ಜೀಪ್ ಪಿಕಪ್ ಅಂದಕೂಡಲೇ ಮಿಲಿಟರಿ ಹಸಿರು ಕೇಳುವವರಿದ್ದಾರೆ. ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ, ಕೇಂದ್ರ ಮೋಟಾರು ವಾಹನ ನಿಯಮ 121 ನೋಡಿ. ಬೇರೆ ಬಣ್ಣ ಬೇಕಿದ್ದರೂ ಆರ್‌ಸಿಯಲ್ಲಿ ಬದಲಾಯಿಸಬೇಕು, ಮೊದಲೇ ಆರ್‌ಟಿಒದಲ್ಲಿ ಕೇಳಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಬೇಕೆಂದರೆ ಚಾಸಿ, ಬಾಡಿ ಮೂಲ ರೂಪದಲ್ಲೇ ಇರಬೇಕು. ಹಾಗಾಗಿ ಸರಕಿನ ತೊಟ್ಟಿ ಉದ್ದ ಮಾಡಿಸುವ, ಮಡ್‌ಗಾರ್ಡ್ ಅಗಲಿಸುವ ಆಸೆ ಇದ್ದರೆ ಆ ನೋಂದಣಿಯ ಯೋಚನೆ ಬಿಡಿ.