ಪೋಸ್ಟ್‌ಡಾಕ್ ಅರ್ಜಿ ಹಿಡಿದು ಬರುವವರಿಗೆ

ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ ಪಾಠ ಮಾಡುವ ನನ್ನ ಹತ್ತಿರ ಪಿಎಚ್‌ಡಿ ಮುಗಿಸಿದವರು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆಯ, ಅರ್ಜಿ ತರುತ್ತಾರೆ. "ಸರ್, ಒಂದ್ಸಲ ನೋಡಿ ಕೊಡಿ" ಅಂತ. ಜಾಹೀರಾತಿನಲ್ಲಿ ಸಂಬಳ ಓದಿರುತ್ತಾರೆ, ಕೊನೇ ದಿನಾಂಕ ಓದಿರುತ್ತಾರೆ. ಅರ್ಹತೆಯ ಸಾಲುಗಳನ್ನು ಮಾತ್ರ ಸುಮ್ನೆ ಕಣ್ಣಾಡಿಸಿ ಬಿಟ್ಟಿರುತ್ತಾರೆ.

ಮೊದಲು ವಯಸ್ಸಿನ ವಿಷಯ. ನಮ್ಮ ಕಡೆ ತುಂಬಾ ಜನ ಎಂಎಸ್ಸಿ ಆದ ಮೇಲೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಅತಿಥಿ ಉಪನ್ಯಾಸಕರಾಗಿ ದುಡಿದು, ಆಮೇಲೆ ಪಿಎಚ್‌ಡಿಗೆ ಸೇರುತ್ತಾರೆ. ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನಲ್ಲಿ ಇಂಥ ಹುದ್ದೆಗೆ ರಿಸರ್ಚ್ ಅಸೋಸಿಯೇಟ್ ಅಂತಾರೆ, ಅದಕ್ಕೆ ವಯಸ್ಸಿನ ಮಿತಿ 35. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 5 ವರ್ಷ ರಿಯಾಯಿತಿ. ಅಮೆರಿಕದ ಟೆನೆಸಿ ರಾಜ್ಯದ ಓಕ್ ರಿಜ್ ನ್ಯಾಷನಲ್ ಲ್ಯಾಬ್ ಕೇಳುವುದೇ ಬೇರೆ. ಪಿಎಚ್‌ಡಿ ಸಿಕ್ಕಿ 5 ವರ್ಷ ಮೀರಿರಬಾರದು. ಕೆಲಸಕ್ಕೆ ಸೇರುವ ಮೊದಲು ಪದವಿಯ ಎಲ್ಲ ಕೆಲಸ ಮುಗಿದಿರಬೇಕು. ಅಲ್ಲಿ ಲೆಕ್ಕ ಪದವಿಯಿಂದ, ಹುಟ್ಟಿದ ದಿನದಿಂದ ಅಲ್ಲ. ಹಾಗಾಗಿ ರಿಯಾಯಿತಿ ಇಲ್ಲದ 38ರ ಹುಡುಗನಿಗೆ (ನಾವು ಹುಡುಗ ಅಂತಲೇ ಕರೆಯೋದು) ಇಲ್ಲಿ ಬಾಗಿಲು ಹಾಕಿದ್ದರೂ ಟೆನೆಸಿಯಲ್ಲಿ ತೆಗೆದಿರಬಹುದು.

'ಕಡ್ಡಾಯ' ಅಂತ ಬರೆದ ಅರ್ಹತೆಯಲ್ಲಿ ಚೌಕಾಸಿ ಇಲ್ಲ. ಆದರೆ ಪೂರ್ತಿ ಓದಿ. ನಮ್ಮ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಪಿಎಚ್‌ಡಿ ಇಲ್ಲದಿದ್ದರೂ, ಎಂಟೆಕ್ ನಂತರ 3 ವರ್ಷದ ಅನುಭವ ಮತ್ತು ಎಸ್‌ಸಿಐ (ಸೈನ್ಸ್ ಸೈಟೇಶನ್ ಇಂಡೆಕ್ಸ್) ಪಟ್ಟಿಯಲ್ಲಿರುವ ಜರ್ನಲ್‌ನಲ್ಲಿ ಒಂದು ಪೇಪರ್ ಇದ್ದರೆ ಆಗುತ್ತದೆ. 2023ರ ಪರಿಷ್ಕರಣೆಯಂತೆ ಸಂಬಳ ತಿಂಗಳಿಗೆ 58,000 ರೂಪಾಯಿಯಿಂದ ಶುರು, ಮನೆ ಬಾಡಿಗೆ ಭತ್ಯೆ ಬೇರೆ.

ನಮ್ಮವರು ನಿಜವಾಗಿ ಕಳೆದುಕೊಳ್ಳುವುದು 'ಇದ್ದರೆ ಒಳ್ಳೆಯದು' ಅನ್ನುವ ಸಾಲಿನಲ್ಲಿ. ಮಂಗನ ಕಾಯಿಲೆಯನ್ನೇ ತಗೊಳ್ಳಿ. ಉಣುಗಿನಿಂದ ಹರಡುವ ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟ ಕ್ಯಾಸನೂರು ಕಾಡು ನಮ್ಮ ಸೊರಬ ತಾಲೂಕಿನದು. 1957ರಲ್ಲಿ ಆ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಈಗಿನ ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ). ಇಂಥ ಕೆಲಸಕ್ಕೆ ಫೀಲ್ಡ್ ಅನುಭವ ಕೇಳಿದ್ದ ಒಂದು ಹುದ್ದೆಗೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಅರ್ಜಿ ಬರೆದಿದ್ದಳು. ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿದವಳು. ಈ ಕಾಯಿಲೆ ಹರಡುವ ಮುಖ್ಯ ಉಣುಗು ಹೆಮಫೈಸಾಲಿಸ್ ಸ್ಪಿನಿಜೆರಾವನ್ನು ಬೇರೆ ಜಾತಿಗಳಿಂದ ಗುರುತಿಸಬಲ್ಲವಳು. ಸಿವಿಯಲ್ಲಿ ಅದರ ಸುಳಿವೇ ಇಲ್ಲ! ಪುಟ ತುಂಬ ವೆಬಿನಾರ್ ಸರ್ಟಿಫಿಕೇಟು. ಕೇಳಿದರೆ, "ಅದು ಊರ ಕಡೆ ಕೆಲಸ ಅಲ್ವಾ ಸರ್" ಅಂದಳು. ವೆಬಿನಾರ್ ಎಲ್ಲ ತೆಗೆಸಿದೆ. ಯಾವ ತಿಂಗಳು, ಯಾವ ಕಾಡು, ಸ್ಯಾಂಪಲ್ ಹೇಗೆ ಕಾಪಾಡಿದೆ, ಜಾತಿ ಹೇಗೆ ಗುರುತಿಸಿದೆ ಅಂತ ಬರೆಸಿದೆ. ಲ್ಯಾಬ್‌ನವರು ಹುಡುಕುವುದು ಅದನ್ನೇ. ಇಂಥ ಸಾಲುಗಳಲ್ಲಿ ಎಲ್ಲವೂ ನಿಮ್ಮಲ್ಲಿ ಇರಬೇಕಂತಲೂ ಇಲ್ಲ. ಅರ್ಧ ಇದ್ದರೂ ಅರ್ಜಿ ಹಾಕಿ.

ಇನ್ನು ಶಿಫಾರಸು ಪತ್ರ. ಕೇಳುವಾಗ ಸಿವಿ ಜೊತೆ ಜಾಹೀರಾತನ್ನೂ ಕಳಿಸಿ, ಒಂದೆರಡು ವಾರ ಮೊದಲೇ. ರಾತ್ರಿ ಹತ್ತಕ್ಕೆ ವಾಟ್ಸಾಪ್ ಮಾಡಿ "ನಾಳೆ ಲಾಸ್ಟ್ ಡೇಟ್ ಸರ್" ಅಂದರೆ ನನ್ನಿಂದ ಬರುವುದು "ಶ್ರಮಜೀವಿ, ವಿಧೇಯ, ಸಮಯಪಾಲನೆ ಉಳ್ಳವರು" ಅಷ್ಟೇ.