ಅಳಿಯನ ಬಾಡಿಗೆ ಕಾರು, ನಮ್ಮೂರ ಜೀಪು

18 ಜನವರಿ 2026, ಭಾನುವಾರ
ಸಿದ್ದಾಪುರದ ಹತ್ತಿರ, ಕೊಡಗು

ಅಕ್ಕನ ಮಗ ನಿನ್ನೆ ಮಧ್ಯಾಹ್ನ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಂದಿಳಿದ. ಕಾರು ನೋಡಿದರೆ ಕಪ್ಪು ಬೋರ್ಡು, ಹಳದಿ ಅಕ್ಷರ. ನಿನ್ನ ಕಾರೆಲ್ಲಿ ಮಾರಾಯ ಅಂದೆ. "ಮಾರಿಬಿಟ್ಟೆ ಮಾವ, ನಿಲ್ಲಿಸೋಕೆ ಜಾಗ ಹುಡುಕೀ ಹುಡುಕೀ ಸಾಕಾಯ್ತು" ಅಂದ.

ಅವನ ಮನೆ ಜಯನಗರದಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ದಿನಾ ಬೈಯುತ್ತಿದ್ದವನು, ಕಳೆದ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾದ ಮೇಲೆ ಕಾರು ಮುಟ್ಟೋದನ್ನೇ ಬಿಟ್ಟನಂತೆ. ಬೇಕಾದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಾನೆ, ಫೋನಲ್ಲೇ ಬಾಗಿಲು ತೆಗೆಯುತ್ತದೆ.

ಒಳ್ಳೇದೇ. ಆದರೆ ಇಳಿದವನು ಕಾಫಿ ಕುಡಿಯೋದು ಬಿಟ್ಟು ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಬಗ್ಗಿ ಫೋಟೋ ಹೊಡೆದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ತೋಟದ ದಾರಿಯಲ್ಲಿ ಕಲ್ಲು ತಾಗಿ ಬಂಪರ್ ಕೆಳಗೆ ಗೀರು ಬಿದ್ದಿತ್ತು. ಡೆಪಾಸಿಟ್ ಹೋಯ್ತು ಅಂತ ಮುಖ ಚಿಕ್ಕದು ಮಾಡಿಕೊಂಡ. ಅರಿಶಿನ ಹಚ್ಚಿದರೆ ವಾಸಿಯಾಗುತ್ತದೆ ಅಂದೆ, ನಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1948ರಲ್ಲೇ ಜನ ಸಹಕಾರ ಸಂಘ ಮಾಡಿಕೊಂಡು ಕಾರು ಹಂಚಿಕೊಂಡಿದ್ದರಂತೆ, ಒಬ್ಬೊಬ್ಬರೇ ಕೊಳ್ಳೋಕೆ ದುಡ್ಡಿರಲಿಲ್ಲ, ಅಷ್ಟೇ. ಪರಿಸರದ ಮಾತೆಲ್ಲ ಆಮೇಲೆ ಬಂದದ್ದು. ಆ ದೇಶದಲ್ಲಿ ಈಗ ದೊಡ್ಡದಾಗಿ ನಡೆಯುವ, ಮೊಬಿಲಿಟಿ ಅನ್ನೋ ಕಾರು ಹಂಚುವ ಸಂಸ್ಥೆ ಕೂಡ ಸಹಕಾರ ಸಂಘವೇ, 1997ರಲ್ಲಿ ಎರಡು ಸಂಘ ಸೇರಿ ಆದದ್ದು. ಪ್ಯಾರಿಸ್ಸಿನಲ್ಲಿ 2011ರಲ್ಲಿ ಜೋರಾಗಿ ಶುರುವಾದ ಎಲೆಕ್ಟ್ರಿಕ್ ಕಾರಿನ ಯೋಜನೆ ಮಾತ್ರ ನಷ್ಟ ತಡೆಯಲಾರದೆ 2018ರಲ್ಲಿ ಮುಚ್ಚಿತು. ಕಾಫಿ, ಗೊಬ್ಬರ, ಸಾಲ ಎಲ್ಲಕ್ಕೂ ಸಂಘ ಇರೋ ನಮ್ಮ ಜಿಲ್ಲೆಯಲ್ಲಿ ಕಾರಿಗೊಂದು ಸಂಘ ಯಾರಿಗೂ ಹೊಳೆಯಲಿಲ್ಲ ನೋಡಿ.

"ನಿಮ್ಮ ಕಾರು ವಾರಕ್ಕೆ ಎಷ್ಟು ಗಂಟೆ ಓಡುತ್ತೆ ಮಾವ?" ಅಂತ ಕೇಳಿದ. ಲೆಕ್ಕ ಹಾಕಿದೆ. ಸೋಮವಾರ ಬ್ಯಾಂಕಿಗೆ, ಗುರುವಾರ ಕುಶಾಲನಗರಕ್ಕೆ, ಶುಕ್ರವಾರ ಒಂದು ಮದುವೆಗೆ. ಎಲ್ಲ ಸೇರಿ ಐದು ಗಂಟೆ ಆಗಲಿಲ್ಲ. ವಾರಕ್ಕೆ 168 ಗಂಟೆ. ಉಳಿದ ಹೊತ್ತು ಅದು ಶೆಡ್ಡಿನಲ್ಲಿ, ಅದರ ಕೆಳಗೆ ನಾಯಿ. ಸ್ವಲ್ಪ ನಾಚಿಕೆ ಆಯ್ತು, ಸುಳ್ಳು ಹೇಳಲ್ಲ.

ಆದರೂ ನಾನು ಮಾರೋದಿಲ್ಲ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಸಂಜೆ ಆಯ್ತು ಅಂದರೆ ರಸ್ತೆಗೆ ಆನೆ ಇಳಿಯುತ್ತದೆ, ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಎದೆ ನೋವು ಬಂದರೆ ಬಸ್ ಸ್ಟ್ಯಾಂಡಲ್ಲಿ ನಿಲ್ಲೋಕಾಗುತ್ತದಾ? ಅವನಿಗೆ ಹೇಳಿದ್ದೂ ಇದನ್ನೇ. ಜೊತೆಗೆ ಇನ್ನೊಂದು ಮಾತೂ ಹೇಳಿದೆ, ಅದು ಅವನಿಗೆ ಅಷ್ಟು ಹಿಡಿಸಲಿಲ್ಲ. ವಾರವೆಲ್ಲ ಮೆಟ್ರೋ ಹತ್ತಿ ಪುಣ್ಯ ಕಟ್ಟಿಕೊಳ್ಳುವ ನೀವು ಶನಿವಾರ ಬೆಳಿಗ್ಗೆ ಬಾಡಿಗೆ ಕಾರು ಹತ್ತಿ ಒಟ್ಟಿಗೇ ಇಲ್ಲಿಗೆ ಬರುತ್ತೀರಿ, ಮಡಿಕೇರಿಯ ಇಕ್ಕಟ್ಟು ರಸ್ತೆಯಲ್ಲಿ ನಮ್ಮವರು ಔಷಧಿ ತರೋಕೂ ಒದ್ದಾಡಬೇಕು. ನಿಮ್ಮ ಟ್ರಾಫಿಕ್ ಕಮ್ಮಿ ಆಗಿಲ್ಲ, ಬರೀ ಊರು ಬದಲಾಯಿಸಿದೆ ಅಂದೆ. "ನಾಲ್ಕು ಜನ ಒಂದೇ ಕಾರಲ್ಲಿ ಬಂದಿದ್ದೀವಲ್ಲ" ಅಂದ. ಅದೂ ಹೌದು.

ಇವತ್ತು ತೋಟದಲ್ಲಿ ಕೊಯ್ಲಿಗೆ ರಜೆ. ಗೇಟಿನ ಹತ್ತಿರ ಎಂದಿನ ಜೀಪು ಬಂತು. ಹಿಂದೆ ಎದುರುಬದುರು ಸೀಟಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಲೈನ್ ಮನೆಯ ತೋಟದ ಕೆಲಸದವರು, ಕಾಲ ಬುಡದಲ್ಲಿ ಗ್ಯಾಸ್ ಸಿಲಿಂಡರ್, ಒಬ್ಬಳ ಮಡಿಲಲ್ಲಿ ಕಾಲು ಕಟ್ಟಿದ ಕೋಳಿ, ಹಿಂದಿನ ಮೆಟ್ಟಿಲ ಮೇಲೆ ನೇತಾಡುವ ಇಬ್ಬರು ಹುಡುಗರು. ನಾನು ಎಣಿಸಿದ್ದು ಹದಿನಾಲ್ಕು, ಕೋಳಿ ಬಿಟ್ಟು. ಸುರಕ್ಷಿತ ಅಂತ ನಾನು ಹೇಳೋದಿಲ್ಲ. ಆದರೆ ಇವರಿಗೆ ಕಾರು ಹಂಚಿಕೊಳ್ಳಿ ಅಂತ ಯಾರೂ ಆ್ಯಪ್ ಮಾಡಿಕೊಡಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಬರುತ್ತಾರೆ. ಅಳಿಯ ಅದನ್ನೂ ಒಂದು ಫೋಟೋ ಹೊಡೆದ.

ರಾತ್ರಿ ಹತ್ತಕ್ಕೆ ಕಾರು ವಾಪಸ್ ಕೊಡಬೇಕು, ತಡವಾದರೆ ದಂಡ ಅಂತ ಮೂರು ಗಂಟೆಗೇ ಹೊರಟರು. ಈಗ ಹತ್ತೂವರೆ. "ಇನ್ನೂ ಕೆಂಗೇರಿ ಮಾವ" ಅಂತ ಮೆಸೇಜು.

ಮಂಗಳವಾರ ನಾನು ವಿರಾಜಪೇಟೆಗೆ ಹೋಗಬೇಕು. ಪಕ್ಕದ ತೋಟದವರೂ ಹೋಗುತ್ತಾರಂತೆ, ಅವರ ಕಾರಲ್ಲಿ ಅವರೊಬ್ಬರೇ. ಈಗ ಮಲಗಿರುತ್ತಾರೆ, ಬೆಳಿಗ್ಗೆ ಫೋನ್ ಮಾಡಿ ಕೇಳಬೇಕು.