ನಿಧಾನಗತಿಯ ಪರದೆಗೆ ಡ್ರೈವರ್ ಬರೆಯುವಾಗ

ಉಡುಪಿಯ ಹಾಲಿನ ಡಿಪೋಗಳಲ್ಲಿ ತೂಕ, ಫ್ಯಾಟ್ ಮತ್ತು ಮೊತ್ತವನ್ನು ತೋರಿಸುವ ಲಿನಕ್ಸ್ ಪೆಟ್ಟಿಗೆಯೊಂದಕ್ಕೆ ಪರದೆಯ ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪರದೆ 240×320 ಪಿಕ್ಸೆಲ್‌ಗಳದ್ದು, ಅದರ ಚಿಪ್ ಐಎಲ್‌ಐ 9341, ಸಂಪರ್ಕ ಎಸ್‌ಪಿಐ ಮೂಲಕ, ಅಂದರೆ ಒಂದೊಂದೇ ಬಿಟ್ ಸಾಗಿಸುವ ತಂತಿಗಳ ಮೂಲಕ. ಪಿಕ್ಸೆಲ್ಲಿಗೆ ಎರಡು ಬೈಟಿನಂತೆ ಪೂರ್ತಿ ಪರದೆಗೆ 1,53,600 ಬೈಟ್ ಆಗುತ್ತದೆ. ಚಿಪ್ಪಿನ ವಿವರಪತ್ರವಾದ ಡೇಟಾಶೀಟ್ ಒಪ್ಪುವ 10 ಮೆಗಾಹರ್ಟ್ಸ್ ವೇಗದಲ್ಲಿ ಇಷ್ಟನ್ನು ಕಳಿಸಲು ಸುಮಾರು 123 ಮಿಲಿಸೆಕೆಂಡ್ ಹಿಡಿಯುತ್ತದೆ. ಇದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವವರಿದ್ದಾರೆ. ಆದರೆ ಹೈನುಗಾರರ ದುಡ್ಡಿನ ಲೆಕ್ಕ ತೋರಿಸುವ ಪರದೆಯಲ್ಲಿ ಆ ಮಿತಿಯನ್ನು ಮೀರಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಪ್ರತಿ ಸಲ ಪೂರ್ತಿ ಪರದೆಯನ್ನು ಕಳಿಸದೆ ಬದಲಾದ ಭಾಗವನ್ನಷ್ಟೇ ಕಳಿಸಬೇಕು. ಇಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ಪರದೆಯ ಯಾವ ಭಾಗ ಬದಲಾಯಿತೆಂಬುದು ಡ್ರೈವರ್‌ಗೆ ಯಾರಿಂದ ತಿಳಿಯುತ್ತದೆ ಎಂಬುದು. ಹಳೆಯ ಫ್ರೇಮ್‌ಬಫರ್ (ಪರದೆಯ ಚಿತ್ರವಿರುವ ಮೆಮೊರಿ) ಪದ್ಧತಿಯಲ್ಲಿ ಅಪ್ಲಿಕೇಶನ್ ನೇರವಾಗಿ ಆ ಮೆಮೊರಿಗೆ ಬರೆದು ಸುಮ್ಮನಾಗುತ್ತದೆ. ಆ ಬರಹವನ್ನು ಪತ್ತೆಹಚ್ಚಲು ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿರುವ ‘ಡಿಫರ್ಡ್ ಐಒ’ ವ್ಯವಸ್ಥೆ, ಮೆಮೊರಿಯ ಪುಟಗಳಿಗೆ ಬರೆಯದಂತೆ ತಡೆಯಿಟ್ಟು, ಮೊದಲ ಬರಹಕ್ಕೆ ಉಂಟಾಗುವ ಪೇಜ್ ಫಾಲ್ಟ್‌ನಿಂದ (ತಡೆಯಿದ್ದ ಪುಟವನ್ನು ಮುಟ್ಟಿದ ಸೂಚನೆಯಿಂದ) ಯಾವ ಪುಟ ಬದಲಾಯಿತೆಂದು ಗುರುತಿಟ್ಟುಕೊಂಡು, ಸ್ವಲ್ಪ ಹೊತ್ತಿನ ನಂತರ ಡ್ರೈವರ್‌ಗೆ ತಿಳಿಸುತ್ತದೆ. ಯೋಚನೆ ಸೊಗಸಾದದ್ದೇ. ಆದರೆ ಪುಟವೊಂದು 4,096 ಬೈಟ್, ಪರದೆಯ ಒಂದು ಸಾಲು 480 ಬೈಟ್. ಒಂದೇ ಪಿಕ್ಸೆಲ್ ಬದಲಾದರೂ ಕರ್ನಲ್‌ಗೆ ಕಾಣುವುದು ಎಂಟೂವರೆ ಸಾಲು. ಮೇಲ್ತುದಿಯ ಗಡಿಯಾರವೂ ಕೆಳತುದಿಯ ಮೊತ್ತವೂ ಒಟ್ಟಿಗೆ ಬದಲಾದಾಗ, ಈ ಪದ್ಧತಿಯನ್ನು ಬಳಸುವ ಎಫ್‌ಬಿಟಿಎಫ್‌ಟಿಯಂಥ ಡ್ರೈವರ್ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಕಳಿಸುತ್ತದೆ.

ಹೊಸ ಡ್ರೈವರ್‌ಗಳಿಗೆ ಇಂದು ಕರ್ನಲ್‌ನಲ್ಲಿ ಪರದೆಗಳನ್ನು ನೋಡಿಕೊಳ್ಳುವ ಡಿಆರ್‌ಎಂ ಉಪವ್ಯವಸ್ಥೆಯೇ ದಾರಿ. ಅದರಲ್ಲಿ ಬದಲಾದ ಆಯತಗಳನ್ನು ಅಪ್ಲಿಕೇಶನ್ನೇ ಹೇಳಬಹುದು. 160×48ರ ತೂಕದ ಅಂಕಿಗಳಷ್ಟನ್ನೇ ಕಳಿಸಿದರೆ 15,360 ಬೈಟ್, ಸುಮಾರು 12 ಮಿಲಿಸೆಕೆಂಡ್ ಸಾಕು. ಇಲ್ಲಿಯೂ ಒಂದು ಎಚ್ಚರ ಬೇಕು: ಸಣ್ಣ ಡ್ರೈವರ್‌ಗಳು ಸಾಮಾನ್ಯವಾಗಿ ಬಳಸುವ ನೆರವಿನ ಫಂಕ್ಷನ್ ಎಲ್ಲ ಆಯತಗಳನ್ನೂ ಸೇರಿಸಿ ಒಂದೇ ದೊಡ್ಡ ಆಯತ ಮಾಡುವುದರಿಂದ ಹಳೆಯ ತೊಂದರೆ ಮರುಕಳಿಸುತ್ತದೆ. ನಾವು ಆಯತಗಳನ್ನು ಒಂದೊಂದಾಗಿ ತೆಗೆದುಕೊಂಡು ಕಳಿಸಿದೆವು. ಜೊತೆಗೆ ಅಪ್ಲಿಕೇಶನ್ ಬರೆಯುವವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಬದಲಾವಣೆಯನ್ನೂ ತಪ್ಪದೆ ತಿಳಿಸುವಂತೆ ಅವರ ಕೋಡ್ ತಿದ್ದಿಸಿದೆವು. ಅವರು ಹೇಳದ ಹೊರತು ಡ್ರೈವರ್ ಎಷ್ಟು ಜಾಣತನದ್ದಾದರೂ ಪ್ರಯೋಜನವಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಕೆಂಪು ಕಳಿಸಿದಾಗ ನೀಲಿ ಕಂಡರೆ ಹೆಚ್ಚಿನವರು ಕೆಂಪು-ನೀಲಿಯ ಕ್ರಮ ಅದಲುಬದಲಾಗಿದೆಯೆಂದು ಚಿಪ್ಪಿಗೆ ಆ ಕ್ರಮ ತಿಳಿಸುವ 0x36 ಕಮಾಂಡಿನ ಬಿಟ್ ಬದಲಿಸಲು ಹೊರಡುತ್ತಾರೆ. ಆದರೆ ಕೆಂಪಿನ ಸಂಖ್ಯೆಯಾದ 0xF800ರ ಎರಡು ಬೈಟುಗಳು ತಿರುವುಮುರುವಾಗಿ 0x00F8 ಆದರೂ ಕಾಣುವುದು ನೀಲಿಯೇ. ಆದ್ದರಿಂದ ಹಸಿರನ್ನು ಕಳಿಸಿ ನೋಡಬೇಕು: ಬಣ್ಣದ ಕ್ರಮ ಮಾತ್ರ ತಪ್ಪಿದ್ದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ, ಬೈಟ್ ತಿರುಗಿದ್ದರೆ ಹಸಿರಿನ 0x07E0 ಹೋಗಿ 0xE007 ಆಗಿ ಕೆಂಪಾಗಿ ಕಾಣುತ್ತದೆ.